ಒತ್ತು, ಹಿಡ್ಕೊ, ಬಿಡು

ಬಚ್ಚಲ ಒಲೆಗೆ ಬೆಂಕಿ ಹಾಕುವುದು, ಹಾಸಿಗೆ ಹಿಡಿದ ಅತ್ತೆ ವಿಮಲಮ್ಮನವರ ಬಟ್ಟೆ ಬದಲಿಸಿ ಮಗ್ಗುಲು ತಿರುಗಿಸುವುದು, ಒದ್ದೆ ಬಟ್ಟೆ ನೆನೆಹಾಕುವುದು, ಹಾಲು ಕರೆಯುವುದು, ಕಡುಬಿಗೆ ಎಸರಿಡುವುದು, ಅತ್ತೆಗೆ ಬೆಲ್ಲದ ಕಾಫಿ, ಗಂಡನಿಗೆ ಸಕ್ಕರೆಯಿಲ್ಲದ ಕಾಫಿ, ಆಮೇಲೆ ಶೆಡ್ಡಿಗೆ ಹೋಗಿ ಕಾರಿನ ಚರ್ಮದ ಸೀಟಿಗೆ ಹತ್ತಿದ ಬೂಷ್ಟು ಒರೆಸಿ ಕೊಬ್ಬರಿ ಎಣ್ಣೆ ಸವರುವುದು. ಇಷ್ಟೂ ಬೆಳಕು ಹರಿಯುವ ಮೊದಲು ಆಗಬೇಕು. ಈ ತಿಂಗಳು ಇನ್ನೊಂದು ಸೇರಿಕೊಂಡಿತ್ತು: ಅದೇ ಸೀಟಿನಲ್ಲಿ ಕೂತು ಬ್ರೇಕ್ ಒತ್ತುವುದು.

ಜಾವಳಿಯ ಆ ಮನೆಗೆ ಪ್ರೇಮಲತಾ ಸೊಸೆಯಾಗಿ ಬಂದ ಮರುವರ್ಷವೇ ಕಾರೂ ಬಂದಿತ್ತು. ಇಂಗ್ಲೆಂಡಿನಲ್ಲಿ ತಯಾರಾದ ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ಯಾವುದೋ ಎಸ್ಟೇಟಿನ ಮೂಲೆಯಲ್ಲಿ ಕೋಳಿಗೂಡಾಗಿ ಬಿದ್ದಿತ್ತು. ಗಂಡ ರಂಗನಾಥ ಅದನ್ನು ಲಾರಿಯಲ್ಲಿ ಹಾಕಿಸಿಕೊಂಡು ತಂದ ದಿನ ಊರಿನವರೆಲ್ಲ ಬಂದು ನೋಡಿ ಹೋದರು. ಕೋಳಿಯ ಹಿಕ್ಕೆ ಕೆರೆದು ತೊಳೆದವಳು ಪ್ರೇಮಲತಾ. ಅಲ್ಲಿಂದ ಇಲ್ಲಿಯವರೆಗೆ ಕಾರು ನೆಟ್ಟಗಾಗುತ್ತಲೇ ಇದೆ. ಒಂದು ಕೆಲಸ ಮುಗಿಯಿತು ಎನ್ನುವಷ್ಟರಲ್ಲಿ ರಂಗನಾಥನಿಗೆ ಇನ್ನೊಂದು ಹೊಳೆಯುತ್ತದೆ. ಅದರ ವೈರಿಂಗ್ ಎರಡು ಸಲ ಬದಲಾಯಿತು. ಅಡುಗೆಮನೆಯ ಮಿಕ್ಸಿಯ ಪ್ಲಗ್ಗು ಮಾತ್ರ ಇವತ್ತಿಗೂ ಬೆಂಕಿಕಡ್ಡಿ ಚುಚ್ಚಿದರೇ ನಿಲ್ಲುವುದು.

ಈಗ ಹಳೆಯ ಡ್ರಮ್ ಬ್ರೇಕ್ ಕಿತ್ತು ಡಿಸ್ಕ್ ಬ್ರೇಕ್ ಕೂರಿಸಿದ್ದ. ಹೊಸ ಪೈಪುಗಳಲ್ಲಿ ಗಾಳಿ ಉಳಿದರೆ ಬ್ರೇಕ್ ಹಿಡಿಯುವುದಿಲ್ಲ. ಆ ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹಿಂದೆ ಮಲಗಿ ಒಂದು ಪುಟ್ಟ ನಟ್ಟು ಸಡಿಲಿಸಬೇಕು. ಆಯಿಲ್ ಜೊತೆ ಗಾಳಿ ಗುಳ್ಳೆ ಗುಳ್ಳೆಯಾಗಿ ಹೊರಬರುತ್ತದೆ. ನಟ್ಟು ಬಿಗಿಯಾಗುವ ಮೊದಲೇ ಕಾಲು ಎತ್ತಿದರೆ ಗಾಳಿ ಮತ್ತೆ ಒಳಗೆ ಹೋಗುತ್ತದೆ, ಮಾಡಿದ್ದೆಲ್ಲ ಮಣ್ಣುಪಾಲು. ಪ್ರೇಮಲತಾಳ ಕಾಲು ಒಂದು ಸಲವೂ ತಪ್ಪಿರಲಿಲ್ಲ. ಮೊಣಕಾಲು ಊದಿಕೊಂಡಿದ್ದ ದಿನವೂ ತಪ್ಪಿರಲಿಲ್ಲ.

ತೋಟಕ್ಕೆ ಕಾಫಿ ಹಣ್ಣು ಕೊಯ್ಯಲು ಬರುವ ಮುತ್ತಮ್ಮ ಶೆಡ್ಡಿನ ಬಾಗಿಲಲ್ಲಿ ನಿಂತು ನಗುತ್ತಿದ್ದಳು. "ಏನ್ ಅಮ್ಮಾರೇ, ದಿನಾ ಡ್ರೈವರ್ ಸೀಟಲ್ ಕೂರ್ತೀರಿ, ಒಂದಿನಾನೂ ಗೇಟು ದಾಟ್ಲಿಲ್ವಲ್ಲ!"

"ಕೂತಲ್ಲೇ ಲೋಕ ಸುತ್ತಿ ಬರ್ತೀನಿ ಕಣೆ. ಪೆಟ್ರೋಲ್ ಖರ್ಚಿಲ್ಲ" ಎನ್ನುತ್ತಿದ್ದಳು ಪ್ರೇಮಲತಾ.

ಅವಳಿಗೆ ಲೋಕವೇನೂ ಬೇಕಿರಲಿಲ್ಲ. ಕುದುರೆಮುಖಕ್ಕೆ ಒಂದು ಸಲ ಹೋಗಿಬರಬೇಕಿತ್ತು. ಗಣಿ ನಡೆಯುತ್ತಿದ್ದಾಗ ಅವಳಪ್ಪ ಅಲ್ಲಿ ಕೆಲಸಕ್ಕಿದ್ದರು. ಕ್ವಾರ್ಟರ್ಸಿನ ಅಡುಗೆಮನೆಯ ಕಿಟಕಿಗೆ ಅಗಲವಾದ ಕಟ್ಟೆಯಿತ್ತು. ಮಧ್ಯಾಹ್ನದ ಪಾಳಿಯ ಸೈರನ್ ಆಗಿ ಅಪ್ಪ ಹೊರಟ ಮೇಲೆ ಅಮ್ಮ ಅದರ ಮೇಲೆ ಕಾಲು ಮಡಿಸಿ ಕೂರುತ್ತಿದ್ದಳು. ಏನೂ ಮಾಡುತ್ತಿರಲಿಲ್ಲ. ಸೊಪ್ಪು ಸೋಸುವುದೂ ಇಲ್ಲ, ಹರಿದದ್ದು ಹೊಲಿಯುವುದೂ ಇಲ್ಲ, ಸುಮ್ಮನೆ. ಹೆಂಗಸೊಬ್ಬಳು ಸುಮ್ಮನೆ ಕೂತದ್ದನ್ನು ಪ್ರೇಮಲತಾ ಆಮೇಲೆ ಯಾವ ಮನೆಯಲ್ಲೂ ಕಂಡಿಲ್ಲ. ಅಮ್ಮ ತೀರಿಕೊಂಡದ್ದೂ ಆ ಮನೆಯಲ್ಲೇ. ಆ ಕಟ್ಟೆಯ ಮೇಲೆ ಒಂದು ಗಳಿಗೆ ತಾನೂ ಕೂರಬೇಕು ಅನ್ನಿಸುತ್ತಿತ್ತು ಅವಳಿಗೆ. ಬಸ್ಸಿನಲ್ಲಿ ಕಳಸದ ಮೇಲೆ ಹೋದರೆ ಅದೇ ದಿನ ವಾಪಸಾಗುವುದು ಕಷ್ಟ. ರಾತ್ರಿ ಅತ್ತೆಯನ್ನು ಯಾರ ಕೈಗೆ ಬಿಡುವುದು? ಕಾರಾದರೆ ಸಂಜೆಯೊಳಗೆ ಮನೆ ಸೇರಬಹುದು, ಅಷ್ಟು ಹೊತ್ತು ಮುತ್ತಮ್ಮ ಇರುತ್ತಾಳೆ. "ನಮ್ ಕಾರು ರೆಡಿಯಾಗ್ಲಿ, ಮೊದ್ಲು ಅಲ್ಲಿಗೇ" ಎಂದು ರಂಗನಾಥ ಪ್ರತಿ ವರ್ಷ ಹೇಳುತ್ತ ಬಂದಿದ್ದ.

ಹೋದ ವಾರ ಬಾಲ್ಯದ ನೆರೆಯವಳು ಮರಿಯಮ್ಮ ಫೋನಿಗೆ ಒಂದು ಫೋಟೋ ಕಳಿಸಿದ್ದಳು. ಆ ಕ್ವಾರ್ಟರ್ಸ್ ಮನೆಯ ಸೂರು ಕುಸಿದಿದೆ, ಗೋಡೆಯೊಳಗಿಂದ ಗಿಡ ಎದ್ದಿದೆ, ಕಿಟಕಿಯ ಕಟ್ಟೆ ಮಾತ್ರ ಹಾಗೇ ಇದೆ. "ಇನ್ನೊಂದು ಮಳೆ ತಡಿಯಲ್ಲ ಕಣೇ ಇದು" ಎಂದಿದ್ದಳು.

ನಿನ್ನೆ ಸಂಜೆ ರಂಗನಾಥ ಖುಷಿಯಲ್ಲಿದ್ದ. "ನಾಳೆ ಚಿಕ್ಕಮಗಳೂರಲ್ಲಿ ಹಳೇ ಕಾರುಗಳ ರ‍್ಯಾಲಿ. ಬೆಳಿಗ್ಗೆ ಉಳಿದಿರೋ ಒಂದ್ ಚಕ್ರದ ಗಾಳಿ ತೆಗೆದ್ರೆ ಬ್ರೇಕ್ ಕೆಲ್ಸ ಆಯ್ತು. ಗೋಣಿಬೀಡಿಂದ ಕುಮಾರ್ ಬರ್ತಾನೆ, ಪಕ್ಕದ ಸೀಟು ಅವನಿಗೆ."

"ಕುದುರೆಮುಖ?"

"ಅದೇನ್ ಓಡಿಹೋಗುತ್ತಾ ಮಾರಾಯ್ತಿ? ರ‍್ಯಾಲಿ ಮುಗಿದ್ಮೇಲೆ ಇಂಜಿನ್ ಇಳಿಸ್ಬೇಕು. ಮಳೆಗಾಲ ಕಳೀಲಿ, ಹೋಗಣ."

"ಮಳೆಗಾಲ ಕಳಿಯೋ ಹೊತ್ತಿಗೆ ಮನೆ ಇರಲ್ಲ ರೀ."

"ಬಿದ್ದೋಗಿರೋ ಮನೇಲಿ ನೋಡಕ್ಕೇನಿದೆ? ಹಾವಿರ್ತಾವೆ ಅಷ್ಟೆ" ಎಂದು ನಗುತ್ತಾ, "ಕುಮಾರ್‌ಗೆ ಒತ್ತು ಶ್ಯಾವಿಗೆ ಅಂದ್ರೆ ಪ್ರಾಣ, ಬೆಳಿಗ್ಗೆ ಮಾಡ್ಬಿಡು" ಎಂದ.

ಶ್ಯಾವಿಗೆಯೂ ಆಯಿತು. ಈಗ ಅವಳು ಡ್ರೈವರ್ ಸೀಟಿನಲ್ಲಿ ಕೂತಿದ್ದಾಳೆ. ಹೊರಗೆ ಮಂಜು, ಶೆಡ್ಡಿನಲ್ಲಿ ಒಂದೇ ಬಲ್ಬು. ಡಬ್ಬಿಯಲ್ಲಿದ್ದ ಕೊನೆಯ ಬ್ರೇಕ್ ಆಯಿಲ್ ಸುರಿದಾಗಿದೆ. ಭಾನುವಾರ, ಅಂಗಡಿ ತೆಗೆಯುವುದಿಲ್ಲ.

"ಒತ್ತು" ಎಂದ ರಂಗನಾಥ ಕಾರಿನಡಿಯಿಂದ. ಒತ್ತಿದಳು.

"ಬಿಡು. ಒತ್ತು. ಹ್ಞಾಂ, ಹಿಡ್ಕೊ. ಗಟ್ಟಿ ಹಿಡ್ಕೊ."

ಸ್ಪ್ಯಾನರ್ ತಿರುಗಿದ್ದು ಕೇಳಿಸಿತು. ಪೆಡಲ್ ನಿಧಾನಕ್ಕೆ ಕೆಳಗಿಳಿಯಿತು. ಒಳಮನೆಯಿಂದ ವಿಮಲಮ್ಮ "ಲತಾ, ಲತಾ" ಎಂದು ಕರೆಯುತ್ತಿದ್ದರು.

ಕಾಲೆತ್ತಿದರೆ ಏನಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಪೆಡಲ್ ಮೆತ್ತಗಾಗುತ್ತದೆ. ತಾನೇ ಒತ್ತಿ ನೋಡದೆ ಅವನು ಗೇಟು ದಾಟಿಸುವವನಲ್ಲ, ಕಾರು ಇವತ್ತು ಹೊರಡುವುದಿಲ್ಲ. ಬೆಂಗಳೂರಿನಿಂದ ತರಿಸಿದ ವಾಷರ್ ಸರಿಯಿಲ್ಲ ಎಂದು ಬೈಯುತ್ತಾನೆ. ಅವಳ ಕಾಲಿನ ಮೇಲೆ ಅವನಿಗೆ ಅನುಮಾನ ಬರುವುದೇ ಇಲ್ಲ. ಕುಮಾರ್ ಶ್ಯಾವಿಗೆ ತಿಂದು ಹೋಗುತ್ತಾನೆ. ಕುದುರೆಮುಖ ಅಷ್ಟೇ ದೂರದಲ್ಲಿ ಉಳಿಯುತ್ತದೆ. ನಾಳೆ ಹೊಸ ಡಬ್ಬಿ ಬರುತ್ತದೆ, ಮತ್ತೆ ಮೊದಲಿನಿಂದ, ನಾಲ್ಕೂ ಚಕ್ರ, ಇದೇ ಸೀಟು, ಇದೇ ಮೊಣಕಾಲು.

"ಹಿಡ್ದಿದ್ಯಾ?" ಎಂದ ಕೆಳಗಿನಿಂದ.

"ಹ್ಞೂಂ" ಎಂದಳು ಪ್ರೇಮಲತಾ. ಕಾಲು ಎತ್ತಿದಳು.