ಗಿರಣಿಯ ಸೊಸೆಗೆ ಸನ್ಮಾನ

ಕಂಪ್ಲಿಯಲ್ಲಿ ಯಾರನ್ನಾದರೂ ನಿಲ್ಲಿಸಿ ಕೇಳಿ, ಅಕ್ಕಿ ಗಿರಣಿಯ ಈಶ್ವರನ ಹೆಂಡತಿ ಶಾಂಭವಿಯಷ್ಟು ಸುಖವಾಗಿರುವ ಹೆಂಗಸು ಈ ಊರಲ್ಲಿ ಇನ್ನೊಬ್ಬಳಿಲ್ಲ ಅನ್ನುತ್ತಾರೆ. ಗಂಡ ಕುಡಿಯುವವನಲ್ಲ, ಬೈಯುವವನಲ್ಲ. ಮಗಳು ಐಶ್ವರ್ಯ ದಾವಣಗೆರೆಯ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಅಂಗಳದಲ್ಲಿ ಕಾರು ನಿಂತಿದೆ. ಅತ್ತೆ ಅಕ್ಕನಾಗಮ್ಮ ಬಾಯಿ ಜೋರಾದರೂ ಸೊಸೆ ಉಂಡಳೋ ಇಲ್ಲವೋ ಅಂತ ಕೇಳುವ ಹೆಂಗಸು. ಇನ್ನೇನು ಬೇಕಂತೆ ಇವಳಿಗೆ? ಹೀಗೆ ಕೇಳುವ ಜನಕ್ಕೆ ಏನಂತ ಉತ್ತರ ಹೇಳೋದು? ಹೊಟ್ಟೆ ತುಂಬಿದವರಿಗೆ ಬೇರೆ ಹಸಿವೇ ಇರುವುದಿಲ್ಲ ಅಂತ ನಂಬಿದವರ ಹತ್ತಿರ ವಾದಕ್ಕೆ ಇಳಿಯಬಾರದು, ಬಾಯಿ ನೋಯುತ್ತದೆ ಅಷ್ಟೆ.

ಶಾಂಭವಿ ಹುಟ್ಟಿದ್ದು ಬುಕ್ಕಸಾಗರದಲ್ಲಿ. ಅಪ್ಪ ಕೊಟ್ರಯ್ಯನದು ಭತ್ತದ ಬೇಸಾಯ. ಮಗಳು ಇಂಗ್ಲಿಷು ಕಲಿಯಲಿ ಅಂತ ಹೊಸಪೇಟೆಯ ಸಿಸ್ಟರುಗಳ ಶಾಲೆಗೆ ಹಾಕಿದ. ಇಂಗ್ಲಿಷು ಎಷ್ಟು ಕಲಿತಳೋ ಅಲ್ಲಿಯ ಮಾತೆ ಮರಿಯಮ್ಮನಿಗೇ ಗೊತ್ತು, ಓಟವನ್ನಂತೂ ಕಲಿತಳು. ಎಂಟುನೂರು ಮೀಟರು ಅವಳದು. ಅಂದರೆ ದೊಡ್ಡ ಮೈದಾನಕ್ಕೆ ಎರಡು ಸುತ್ತು. ಮೊದಲ ಸುತ್ತಿನಲ್ಲಿ ಎಲ್ಲರೂ ಶೂರರೇ. ಎರಡನೆಯದರಲ್ಲಿ ಎದೆ ಉರಿದು, ಬಾಯಿ ಒಣಗಿ, ಕಾಲು ತನ್ನದಲ್ಲ ಅನ್ನಿಸುವ ಹೊತ್ತಿಗೂ ಯಾರು ಓಡುತ್ತಾರೋ ಅವರದು ಪಂದ್ಯ. ಶಾಂಭವಿಗೆ ಆ ಹೊತ್ತೇ ಇಷ್ಟ. ಮುಂದಿದ್ದವರ ಬೆನ್ನು ಒಂದೊಂದಾಗಿ ಹತ್ತಿರ ಬರುವಾಗ ಅವಳಿಗೆ ನಗು ಬರುತ್ತಿತ್ತಂತೆ. ಜಿಲ್ಲೆ, ವಿಭಾಗ, ಆಮೇಲೆ ರಾಜ್ಯಕ್ಕೇ ಮೊದಲನೆಯವಳಾಗಿ ಬಂದಳು. ಡಿಗ್ರಿ ಓದುತ್ತಿರುವಾಗ ಗಿರಣಿಯವರು ಹೆಣ್ಣು ಕೇಳಿಕೊಂಡು ಬಂದರು. ಅಂಥ ಮನೆತನ ತಾನಾಗಿ ಬಾಗಿಲಿಗೆ ಬಂದಾಗ ಬೇಡ ಅನ್ನುವ ಅಪ್ಪ ಬುಕ್ಕಸಾಗರದಲ್ಲಿ ಇನ್ನೂ ಹುಟ್ಟಿರಲಿಲ್ಲ.

ಮದುವೆಯಾದ ಹೊಸದರಲ್ಲಿ ಒಂದು ದಿನ ಬೆಳಿಗ್ಗೆ ಅವಳು ಕಾಲುವೆ ದಂಡೆಯ ಮೇಲೆ ಓಡಿಬಂದಳು. ಓಡಿದ್ದೇ ತಡ, ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಮುಟ್ಟಿತ್ತು.

"ಗಿರಣಿಯವರ ಸೊಸಿ ಹಿಂಗ ಓಡಿದ್ರ, ಮನ್ಯಾಗ ಏನೋ ಜಗಳ ಆಗೇತಿ ಅಂತ ತಿಳಕಂತಾರವ್ವ ಮಂದಿ," ಅಂದಳು ಅಕ್ಕನಾಗಮ್ಮ. ಸಿಟ್ಟಿನಿಂದ ಅಲ್ಲ, ನಿಜವಾದ ಚಿಂತೆಯಿಂದ.

ಈಶ್ವರ ನಕ್ಕುಬಿಟ್ಟ. ವಾರದೊಳಗೆ ಹುಬ್ಬಳ್ಳಿಯಿಂದ ಓಡುವ ಮೆಷಿನ್ನೇ ಬಂತು. "ಮನ್ಯಾಗ ಓಡು, ಯಾರು ಕೇಳ್ತಾರ," ಅಂದ. ಹೆಂಡತಿಗೆ ಅಷ್ಟು ದೊಡ್ಡ ಸಾಮಾನು ತಂದುಕೊಟ್ಟವನು ಆ ಓಣಿಯಲ್ಲಿ ಬೇರೆ ಯಾರಿದ್ದರು? ಶಾಂಭವಿ ಗೋಡೆ ನೋಡುತ್ತ ಓಡಿದಳು. ಎಷ್ಟು ಓಡಿದರೂ ಅದೇ ಗೋಡೆ, ಅದೇ ಕ್ಯಾಲೆಂಡರು. ಒಂದು ದಿನ ಬಟನ್ ಒತ್ತಿ ನಿಲ್ಲಿಸಿ, ಅಲ್ಲೇ ಕೂತು ಅತ್ತಳು. ಆಮೇಲೆ ಆ ಮೆಷಿನ್ನಿನ ಮೇಲೆ ಅಕ್ಕನಾಗಮ್ಮ ಸಂಡಿಗೆ ಒಣಗಿಸತೊಡಗಿದಳು.

ಹಾಗೆ ವರ್ಷಗಳು ಹೋದವು. ಈ ಸಲ ಮಳೆಗಾಲ ಮುಗಿಯುತ್ತಿದ್ದಂತೆ ಶಾಲೆಯ ಹೊಸ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಜಸಿಂತಾ ಫೋನು ಮಾಡಿದರು. ಮಂಗಳೂರು ಕಡೆಯವರು, ಪುಸ್ತಕದ ಹಾಗೆ ಮಾತಾಡುತ್ತಾರೆ.

"ವಾರ್ಷಿಕ ಕ್ರೀಡಾಕೂಟದ ದಿನ ನಮ್ಮ ಹಳೆಯ ಕ್ರೀಡಾಪಟುಗಳಿಗೆ ಸನ್ಮಾನ ಇಟ್ಟುಕೊಂಡಿದ್ದೇವೆ. ನೀವು ಬರಲೇಬೇಕು. ಇನ್ನೊಂದು ವಿಷಯ ಶಾಂಭವಿ. ನಮ್ಮ ಹೆಣ್ಣುಮಕ್ಕಳಿಗೆ ಓಟ ಕಲಿಸುವವರಿಲ್ಲ. ದಿನಾ ಸಂಜೆ ನೀವು ಬಂದು ಕಲಿಸುತ್ತೀರಾ?"

ಶಾಂಭವಿಯ ಒಂದು ಕೈ ರೊಟ್ಟಿ ಹಿಟ್ಟಿನಲ್ಲಿತ್ತು. ಅದು ಅಲ್ಲೇ ಉಳಿಯಿತು. ಉಸಿರು ಮಾತ್ರ ಎರಡನೇ ಸುತ್ತಿನಲ್ಲಿ ಬರುವ ಹಾಗೆ ಬರತೊಡಗಿತು. ಬೇಕು, ಬೇಕು, ಇದೇ ಬೇಕು ಅಂತ ಅವಳ ಮೈಯೆಲ್ಲ ಕೂಗಿತು. ಬಾಯಿ ಮಾತ್ರ ಬೇರೆ ಹೇಳಿತು.

"ನಮ್ಮ ಮನಿಯವರನ್ನ ನೀವು ಕೇಳ್ರಿ ಸಿಸ್ಟರ್. ನಾ ಹೇಳಿ ಕಳಿಸೀನಿ ಅಂತ ಮಾತ್ರ ಹೇಳಬ್ಯಾಡ್ರಿ."

ಅಲ್ಲ, ತಾನೇ ಕೇಳಿದರೆ ಏನಾಗುತ್ತಿತ್ತು ಅಂತ ನೀವು ಕೇಳಬಹುದು. ಆ ಮನೆಯ ರೀತಿಯೇ ಹಾಗೆ. ಸೊಸೆ ತನಗಾಗಿ ಏನನ್ನೂ ಕೇಳುವುದಿಲ್ಲ, ಮೂರನೆಯವರ ಬಾಯಿಂದ ಕೇಳಿಸಬೇಕು. ತವರಿಗೆ ಹೋಗುವ ಆಸೆಯಾದರೆ ತವರಿನವರು ಬಂದು ಕರೆಯಬೇಕು. ಕಿವಿಗೆ ಓಲೆ ಬೇಕಾದರೆ ನಾದಿನಿ ಮಾತು ತೆಗೆಯಬೇಕು. ಅಕ್ಕನಾಗಮ್ಮನೂ ಹಾಗೇ ಬಾಳಿದವಳು. ಬಾಯಿಬಿಟ್ಟು ಕೇಳುವುದು ಆ ಮನೆಯಲ್ಲಿ ಬಡವರ ಲಕ್ಷಣ.

ಸಿಸ್ಟರ್ ಜಸಿಂತಾ ಬಸ್ಸು ಹಿಡಿದು ಕಂಪ್ಲಿಗೆ ಬಂದು ನೇರ ಗಿರಣಿಯ ಆಫೀಸಿಗೆ ಹೋದರು. ಒಂದು ವಿಷಯ ತಿಳಿಯಬೇಕು: ಗಿರಣಿಯ ಆ ಕುರ್ಚಿಯಲ್ಲಿ ಬಂದು ಕೂತು, ಚಹಾ ಕುಡಿದು, ಸಂಕೋಚದಿಂದ ಮಾತು ಶುರು ಮಾಡುವವರು ಒಂದೇ ಜಾತಿಯವರು. ಮಠದವರಿರಲಿ, ಗಣಪತಿ ಕೂರಿಸುವ ಹುಡುಗರಿರಲಿ, ಕ್ರಿಕೆಟ್ ಟೂರ್ನಮೆಂಟಿನವರಿರಲಿ, ಬರುವುದು ಚಂದಾ ಕೇಳಲು. ಹುಟ್ಟಿದಾಗಿನಿಂದ ಈಶ್ವರ ಅದನ್ನೇ ನೋಡಿದ್ದಾನೆ. ಹೀಗಿರುವಾಗ ಸಿಸ್ಟರು ಚಹಾ ಕುಡಿದು, ಸಂಕೋಚದಿಂದಲೇ ಶುರು ಮಾಡಿದರು.

"ಹೆಣ್ಣುಮಕ್ಕಳಿಗೆ ಓಟ ಕಲಿಸುವವರು ನಮ್ಮಲ್ಲಿ ಇಲ್ಲ. ಅದು ನಿಮ್ಮ ಮನೆಯಿಂದ ಆಗಬೇಕಾದ ಉಪಕಾರ. ಹೇಗೆ ಕೇಳುವುದೋ..."

ಈಶ್ವರ ಕೈ ಎತ್ತಿ ತಡೆದ. "ಇಷ್ಟಕ್ಕ ನೀವು ಸಂಕೋಚ ಮಾಡ್ಕಂತೀರಾ ಸಿಸ್ಟರ್? ಆತು ಅಂತ ತಿಳೀರಿ. ಆದ್ರ ಒಂದು ಮಾತು, ಸ್ಟೇಜಿನ ಮ್ಯಾಲೆ ನಾನ ಹೇಳ್ತೀನಿ. ಅಲ್ಲೀತನಕ ನಮ್ಮ ಮನಿಯಾಕಿ ಕಿವಿಗೆ ಬೀಳಬಾರದು."

ಸಿಸ್ಟರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಸನ್ಯಾಸಿನಿಯಾದರೇನು, ಅಂಥ ಸುದ್ದಿ ಹೊಟ್ಟೆಯಲ್ಲಿ ನಿಲ್ಲುತ್ತದೆಯೇ? ಹೊಸಪೇಟೆ ಮುಟ್ಟುವ ಮೊದಲೇ ಬಸ್ಸಿನಿಂದ ಫೋನು ಮಾಡಿದರು. "ನಾನು ಮಾತು ಮುಗಿಸುವ ಮುಂಚೆಯೇ ಒಪ್ಪಿಬಿಟ್ಟರು ಶಾಂಭವಿ. ಗೊತ್ತಿಲ್ಲದವಳ ಹಾಗೆ ಇರಿ."

ಆಮೇಲಿನ ದಿನಗಳು ಅವಳ ಬಾಳಿನಲ್ಲಿ ಬೇರೆಯೇ ದಿನಗಳು. ಬೆಳಿಗ್ಗೆ ಮಾಳಿಗೆ ಮೇಲೆ ಹೋಗಿ, ಸೀರೆಯ ನೆರಿಗೆ ಎತ್ತಿಕಟ್ಟಿ, ಕಾಲು ಚಾಚಿ ಬಗ್ಗುತ್ತಿದ್ದಳು. ಮೊಣಕಾಲು ಲಟಲಟ ಅನ್ನುತ್ತಿತ್ತು, ಅವಳಿಗೆ ಅದೂ ಚಂದ. ಹುಡುಗಿಯರಿಗೆ ಮೊದಲು ಉಸಿರು ಕಲಿಸಬೇಕು, ಆಮೇಲೆ ಕಾಲು ಅಂತ ಸಾರು ಕುದಿಯುವಾಗ ಲೆಕ್ಕ ಹಾಕುತ್ತಿದ್ದಳು. ಸಾರಿಗೆ ಎರಡು ಸಲ ಉಪ್ಪು ಬಿತ್ತು.

"ನಿಂಗೊಂದು ಸುದ್ದಿ ಐತಿ," ಅಂದ ಈಶ್ವರ, ಉಣ್ಣುವಾಗ. "ಸನ್ಮಾನದ ದಿನ ಹೇಳ್ತೀನಿ."

"ಏನ್ರಿ ಅಂಥಾದ್ದು?"

"ಈಗ ಹೇಳಿದ್ರ ಅದು ಸುದ್ದಿ ಹೆಂಗಾಗತೈತಿ?"

ಅವಳು ತಲೆ ತಗ್ಗಿಸಿ ಇನ್ನಷ್ಟು ಅನ್ನ ಬಡಿಸಿದಳು. ಇಷ್ಟು ವರ್ಷ ಈ ಮನುಷ್ಯನನ್ನು ತಪ್ಪು ತಿಳಿದೆನಲ್ಲ ಅಂತ ಅವಳಿಗೆ ನಾಚಿಕೆಯಾಯಿತು. ಗಂಡನ ಮೇಲೆ ಅವಳಿಗೆ ಅಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ.

ಕ್ರೀಡಾಕೂಟದ ದಿನ ಮೈದಾನಕ್ಕೆ ಸುಣ್ಣದ ಗೆರೆ ಎಳೆದಿದ್ದರು. ಮರಿಯಮ್ಮನ ಮೂರ್ತಿ ಇಟ್ಟ ಗವಿಯ ಪಕ್ಕದಲ್ಲಿ ಶಾಮಿಯಾನ. ಪ್ರಾರ್ಥನೆ ಆಯಿತು, ದೀಪ ಹಚ್ಚಿದ್ದಾಯಿತು. ಹಳೆಯ ಆಟಗಾರರನ್ನು ಒಬ್ಬೊಬ್ಬರನ್ನೇ ಕರೆದರು. ಒಬ್ಬ ಪೊಲೀಸು, ಒಬ್ಬಳು ರೈಲ್ವೆಯವಳು, ಇನ್ನೊಬ್ಬ ಕಾಲೇಜಿನಲ್ಲಿ ಪಾಠ ಹೇಳುವವನು. ಶಾಂಭವಿಯ ಸರದಿ ಬಂದಾಗ ಮೈಕು ಹಿಡಿದಿದ್ದ ಮೇಷ್ಟ್ರು "ದಂಪತಿ ಸಮೇತ ವೇದಿಕೆಗೆ ಬರಬೇಕು" ಅಂದರು. ಗಿರಣಿಯ ಯಜಮಾನರನ್ನು ಕೆಳಗೆ ಕೂರಿಸಿ ಅವರ ಹೆಂಡತಿಗೆ ಮಾತ್ರ ಶಾಲು ಹೊದಿಸುವುದು ನಮ್ಮ ಕಡೆ ಮರ್ಯಾದೆ ಅಲ್ಲ. ಪೇಟ ಈಶ್ವರನ ತಲೆಗೆ ಬಂತು, ದೊಡ್ಡ ಹಾರ ಅವನ ಕೊರಳಿಗೆ. ಶಾಂಭವಿಗೆ ಉಡಿ ತುಂಬಿದರು. ಓಡಿದವರು ಯಾರೋ, ಪೇಟ ಸುತ್ತಿಸಿಕೊಂಡವರು ಯಾರೋ! ಇರಲಿ, ಅವಳಿಗೆ ಅವತ್ತು ಅದರ ಪರಿವೆಯೇ ಇರಲಿಲ್ಲ. ಅವಳು ಕಾಯುತ್ತಿದ್ದದ್ದು ಒಂದೇ ಮಾತಿಗೆ.

ಈಶ್ವರ ಮೈಕಿನ ಮುಂದೆ ನಿಂತ. ಅವನಿಗೆ ಭಾಷಣ ಬರುವುದಿಲ್ಲ, ಬೆವರುತ್ತಿದ್ದ.

"ಈ ಸಾಲಿ ಹೆಣ್ಮಕ್ಕಳಿಗೆ ಓಟ ಕಲ್ಸಾಕ ಯಾರೂ ಇಲ್ಲ ಅಂತ ಸಿಸ್ಟರ್ ಹೇಳಿದ್ರು. ಇನ್ನು ಮ್ಯಾಲೆ ಆ ಚಿಂತಿ ಬ್ಯಾಡ. ನಮ್ಮ ಶಾಂಭವಿ..."

ಶಾಂಭವಿ ಕುರ್ಚಿಯಿಂದ ಎದ್ದು ನಿಂತಳು.

"...ಹೆಸರಿನ್ಯಾಗ, ನಮ್ಮ ಗಿರಣಿಯಿಂದ, ಕಾಯಂ ಆಗಿ ಒಬ್ಬ ಕೋಚ್‌ನ ಕೊಡಾಕತ್ತೀನಿ. ಸಂಡೂರಿನ ಹುಡುಗ, ಯೂನಿವರ್ಸಿಟಿಗೆ ಓಡಿದಾವ. ಜಂಬುನಾಥ, ಬಾರಪ್ಪ ಮ್ಯಾಲೆ."

ಚಪ್ಪಾಳೆ ಬಿತ್ತು. ಎದ್ದು ನಿಂತವಳು ಹಾಗೇ ನಿಂತಿದ್ದಳು. ಗಂಡನ ದೊಡ್ಡ ಮನಸ್ಸಿಗೆ ಗೌರವ ಕೊಟ್ಟು ಎದ್ದಳು ಅಂತ ಜನ ಇನ್ನೂ ಜೋರಾಗಿ ತಟ್ಟಿದರು. ಮುಂದಿನ ಸಾಲಿನಲ್ಲಿ ಅಕ್ಕನಾಗಮ್ಮ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಸಿಸ್ಟರ್ ಜಸಿಂತಾರ ಮುಖದ ಬಣ್ಣ ಹೋಗಿತ್ತು. ಅವರು ಶಾಂಭವಿಯ ಪಕ್ಕಕ್ಕೆ ಬಂದು ಅವಳ ಕೈ ಹಿಡಿದರು.

"ತಪ್ಪಾಯಿತು. ನಾನು ಪೂರ್ತಿ ಹೇಳಬೇಕಿತ್ತು. ಈಗಲೇ ಹೇಳಿಬಿಡುತ್ತೇನೆ."

ಅಷ್ಟರಲ್ಲಿ ಜಂಬುನಾಥ ಮೆಟ್ಟಿಲು ಹತ್ತಿ ಬಂದ. ಇಸ್ತ್ರಿ ಅಂಗಿ, ತೆಳ್ಳಗಿನ ಓಟಗಾರನ ಕಾಲು. ಬಂದವನೇ ಶಾಂಭವಿಯ ಪಾದ ಮುಟ್ಟಿದ.

"ಕುರೆಕುಪ್ಪದಾಗ ಸ್ಟೀಲ್ ಪ್ಲಾಂಟಿನ ಕೆಲಸಕ್ಕ ಹೋಗ್ತಿದ್ದೆ ಮೇಡಂ. ಸಾಹುಕಾರ್ರು ಕರದ್ರು, ನಿನ್ನೆ ಬಿಟ್ಟು ಬಂದೆ. ಇನ್ನ ಓಟದ ಮುಖ ನೋಡಲ್ಲ ಅಂತ ಮಾಡಿದ್ದೆ. ನಮ್ಮವ್ವನೂ ಬಂದಾಳ, ಅಲ್ಲಿ ಕುಂತಾಳ."

ಶಾಂಭವಿ ಆ ಕಡೆ ನೋಡಿದಳು. ಹೊಸ ಸೀರೆ ಉಟ್ಟ ಹೆಂಗಸೊಬ್ಬಳು ಎರಡೂ ಕೈ ಎತ್ತಿ ಮುಗಿದಳು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವರ ಸ್ಥಿತಿ ಅಂತಾರಲ್ಲ, ಉಗುಳುವಂತಿಲ್ಲ, ನುಂಗುವಂತಿಲ್ಲ. ಗಂಡ ಬೈದಿದ್ದರೆ ಎದುರಾಡಬಹುದಿತ್ತು. ಅತ್ತೆ ತಡೆದಿದ್ದರೆ ಹಟ ಹಿಡಿಯಬಹುದಿತ್ತು. ಪ್ರೀತಿಯಿಂದ ಹೆಸರು ಬರೆಸಿ, ಊರ ಮುಂದೆ ಕೊಟ್ಟ ದಾನದ ಎದುರು ಯಾವ ಬಾಯಿಂದ ಜಗಳ ಆಡುವುದು?

"ಬ್ಯಾಡ್ರಿ ಸಿಸ್ಟರ್," ಅಂದಳು. "ಏನೂ ಹೇಳಬ್ಯಾಡ್ರಿ."

ಹಾರ ತಂದು ಅವಳ ಕೈಗೇ ಕೊಟ್ಟರು. ಅವಳೇ ಅದನ್ನು ಆ ಹುಡುಗನ ಕೊರಳಿಗೆ ಹಾಕಿದಳು. ಫೋಟೋ ತೆಗೆಯುವವನು ನಗ್ರಿ ಅಂದ. ನಕ್ಕಳು.

ಸಂಜೆ ಕಾರು ಕಮಲಾಪುರ ದಾಟಿತು. ಹಿಂದಿನ ಸೀಟಿನಲ್ಲಿ ಅಕ್ಕನಾಗಮ್ಮನಿಗೆ ನಿದ್ದೆ ಹತ್ತಿತ್ತು. ಈಶ್ವರ ಕಾರು ಓಡಿಸುತ್ತ ಹೆಂಡತಿಯ ಮುಖ ನೋಡಿದ, ಮತ್ತೆ ನೋಡಿದ.

"ಯಾಕ, ನಿಂಗ ಖುಷಿ ಆಗಲಿಲ್ಲೇನು?"

ಸುಮ್ಮನಿದ್ದುಬಿಡಬಹುದಿತ್ತು. ಅಷ್ಟು ವರ್ಷ ಸುಮ್ಮನಿದ್ದವಳಿಗೆ ಅದೇನು ಕಷ್ಟವಲ್ಲ. ಆದರೆ ಅವತ್ತು ಎದೆಯಲ್ಲಿ ಜಾಗ ಉಳಿದಿರಲಿಲ್ಲ.

"ಸಿಸ್ಟರ್ ಅವತ್ತ ಬಂದಿದ್ದು ರೊಕ್ಕ ಕೇಳಾಕಲ್ರಿ."

"ಮತ್ತ?"

"ನನ್ನ ಕೇಳಾಕ. ಆ ಕೆಲಸ ನಾ ಮಾಡ್ಲಿ ಅಂತ."

ಈಶ್ವರ ಕಾರು ನಿಧಾನ ಮಾಡಿದ. ಬಾಳೆ ತೋಟದ ಪಕ್ಕದಲ್ಲಿ ನಿಲ್ಲಿಸಿಯೇಬಿಟ್ಟ. ಹಿಂದಿನಿಂದ ಬಂದ ಲಾರಿ ಹಾರ್ನು ಹೊಡೆದು ಮುಂದೆ ಹೋಯಿತು.

"ನೀ ಏನಂದಿ ಅವರಿಗೆ?"

"ನಾನ ಕಳಿಸಿದ್ದೆ ಅವರನ್ನ, ನಿಮ್ಮ ಹತ್ರ."

ಈಶ್ವರನ ಮುಖ ಬಾಡಿತು. ನಾಟಕದ ಮನುಷ್ಯ ಅಲ್ಲ ಅವನು, ನಿಜಕ್ಕೂ ನೊಂದ. "ಹುಚ್ಚಿ," ಅಂದ, "ನೀನ ಒಂದು ಮಾತು ಕೇಳಿದ್ರ ನಾ ಬ್ಯಾಡ ಅಂತಿದ್ನಾ?"

ಶಾಂಭವಿ ಅವನ ಮುಖ ನೋಡಿದಳು. ಅಂತಿದ್ದನೋ ಇಲ್ಲವೋ, ಅವಳಿಗೆ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ. ಇನ್ನು ಮೇಲೆ ಗೊತ್ತಾಗುವ ದಾರಿಯೂ ಇಲ್ಲ. ಹೌದು, ಬ್ಯಾಡ ಅಂತಿದ್ದೆ ಅಂತ ಅವನೇ ಅಂದುಬಿಟ್ಟಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

"ಮೈಕಿನ್ಯಾಗ ಅಂದುಬಿಟ್ಟೀನಿ," ಅಂದ ಅವನು. "ಆ ಹುಡುಗ ಕೆಲಸ ಬಿಟ್ಟು ಬಂದಾನ. ಈಗ ಹೆಂಗ ಅವನಿಗೆ..."

"ಗೊತ್ತೈತ್ರಿ."

"ಬ್ಯಾರೆ ಏನರ ಮಾಡಿಕೊಡ್ಲಾ? ಹೇಳು ಶಾಂಭವಿ. ನಿಂಗೇನು ಬೇಕು?"

ಮದುವೆಯಾದಂದಿನಿಂದ ಅವನು ಆ ಮಾತು ಕೇಳಿದ್ದು ಅದೇ ಮೊದಲು. ಎಷ್ಟೋ ತಂದಿದ್ದ, ಕೇಳಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದೇ ಇತ್ತು, ಅದನ್ನು ಈಗಷ್ಟೇ ತನ್ನ ಕೈಯಾರೆ ಹಾರ ಹಾಕಿ ಇನ್ನೊಬ್ಬರಿಗೆ ಒಪ್ಪಿಸಿ ಬಂದಿದ್ದಳು.

"ಏನೂ ಬ್ಯಾಡ್ರಿ," ಅಂದಳು. "ಗಾಡಿ ತೆಗೀರಿ. ಅತ್ತಿಯವರಿಗೆ ಗುಳಿಗಿ ಹೊತ್ತಾತು."