ಹಗ್ಗ ಕೊಡದ ದೇವೀರಮ್ಮ

ದೇವೀರಮ್ಮನವರಷ್ಟು ಚೆನ್ನಾಗಿ ‘ಇಲ್ಲ’ ಎನ್ನುವವರನ್ನು ನಾನು ಈವರೆಗೆ ಕಂಡಿಲ್ಲ. ಅವರ ಹಸು ರಂಗಿ ಕರು ಹಾಕಿದಾಗ ಎದುರುಮನೆಯ ಸೀತಮ್ಮ ಗಿಣ್ಣಿನ ಹಾಲಿಗೆಂದು ಪಾತ್ರೆ ಹಿಡಿದುಕೊಂಡು ಬಂದಿದ್ದರು. ದೇವೀರಮ್ಮ ಕರುವಿನ ಮೈ ಒರೆಸುತ್ತಲೇ “ಇಲ್ಲ ಕಣಮ್ಮ” ಅಂದರು. ಅಂದವರು ಅದೇ ಉಸಿರಿನಲ್ಲಿ, “ನಿಮ್ಮನೆ ಸಾರು ಬೀದಿಗೆಲ್ಲ ಘಮ್ಮಂತದೆ. ಏನಾಕಿದ್ದೀ ಇವತ್ತು?” ಎಂದು ಕೇಳಿದರು. ಸೀತಮ್ಮ ಅಲ್ಲೇ ನಿಂತು ಕಾಲು ಗಂಟೆ ತಮ್ಮ ಸಾರಿನ ಪುಡಿಯ ವಿವರ ಹೇಳಿದರು. ಆಮೇಲೆ ಖಾಲಿ ಪಾತ್ರೆಯನ್ನು ಸಂತೋಷವಾಗಿಯೇ ಮನೆಗೆ ಒಯ್ದರು.

ಇದೆಲ್ಲ ಸ್ವಾತಂತ್ರ್ಯ ಬಂದು ಆರೇಳು ವರ್ಷಗಳಾದ ಮೇಲಿನ ಮಾತು. ನಾನು ಮದುವೆಯಾಗಿ ತುಮಕೂರಿನಿಂದ ಮೈಸೂರಿಗೆ ಬಂದ ಹೊಸತು. ನನ್ನ ಯಜಮಾನರು ಹೈಸ್ಕೂಲ್ ಮೇಷ್ಟ್ರು. ಬನ್ನಿಮಂಟಪಕ್ಕೆ ಹೋಗುವ ದಾರಿಯ ಒಂದು ಬೀದಿಯಲ್ಲಿ ದೇವೀರಮ್ಮನವರ ಮನೆಯ ಮುಂಭಾಗದಲ್ಲಿ ನಾವು ಬಾಡಿಗೆಗಿದ್ದೆವು. ಹಿಂಭಾಗದಲ್ಲಿ ಅವರು, ಅವರ ಹಿಂದೆ ಉದ್ದನೆಯ ಹಿತ್ತಿಲು. ಅದರಲ್ಲಿ ಒಂದು ಕೊಟ್ಟಿಗೆ, ನಾಲ್ಕು ಕೋಳಿ, ಒಂದು ಅವರೆ ಚಪ್ಪರ. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಒಬ್ಬಳೇ ಮಗಳನ್ನು ನಂಜನಗೂಡಿನ ಕಡೆ ಕೊಟ್ಟಿದ್ದರು. ಮಗಳು ಎಷ್ಟು ಕರೆದರೂ ಅಲ್ಲಿಗೆ ಹೋಗಿ ನೆಲೆಸಲು ಅವರು ಒಪ್ಪುತ್ತಿರಲಿಲ್ಲ. ಅದಕ್ಕೂ ಅದೇ ಉತ್ತರ, “ಇಲ್ಲ ಕಣಮ್ಮ.”

ನನಗೋ ಈ ಪದವೇ ಬಾಯಿಗೆ ಬರುತ್ತಿರಲಿಲ್ಲ. ಯಾರು ಏನು ಕೇಳಿದರೂ ತಲೆಯಾಡಿಸುವುದು ನನ್ನ ಹುಟ್ಟುಗುಣ. ಕಾಫಿ ಫಿಲ್ಟರು ಪಕ್ಕದ ಮನೆಗೆ ಹೋಗಿ ಎರಡು ವಾರ ಅಲ್ಲೇ ಉಳಿಯಿತು. ಯಜಮಾನರ ಕೊಡೆ ಯಾರದೋ ಮದುವೆಗೆ ಹೋದದ್ದು ಮಳೆಗಾಲ ಮುಗಿದ ಮೇಲೆ ಬಂತು. ದೇವೀರಮ್ಮ ಇದನ್ನೆಲ್ಲ ನೋಡುತ್ತಿದ್ದರು. ಒಂದು ದಿನ ಸಗಣಿ ಕೈಯಲ್ಲೇ ನನ್ನನ್ನು ನಿಲ್ಲಿಸಿ ಹೇಳಿದರು: “ಇಲ್ಲ ಅಂದ್ಮೇಲೆ ಬಾಯಿ ಮುಚ್ಕೋಬೇಕು ಕಣಮ್ಮ. ಕಾರಣ ಕೊಡಾಕೋಗ್ಬಾರ್ದು. ನೀನೊಂದು ಕಾರಣ ಕೊಟ್ರೆ ಅವ್ರು ಅದಕ್ಕೊಂದು ಉಪಾಯ ಕೊಡ್ತರೆ. ಆಮ್ಯಾಕೆ ನೀನು ಹೂಂ ಅನ್ಲೇಬೇಕಾಯ್ತದೆ.”

ಮಳೆ ಹಿಂದೆಗೆದು ಆಶ್ವಯುಜ ಬಂತೆಂದರೆ ಊರಿಗೆಲ್ಲ ದಸರಾ ಸಂಭ್ರಮ, ದೇವೀರಮ್ಮನವರಿಗೆ ಹಿತ್ತಿಲ ಸಂಭ್ರಮ. ಗಾಳಿಗೆ ಸರಿದ ಕೊಟ್ಟಿಗೆಯ ನಾಡಹೆಂಚನ್ನು ತಾವೇ ಏಣಿ ಹತ್ತಿ ಕೂರಿಸುತ್ತಿದ್ದರು. ನಾಲ್ಕು ತಿಂಗಳು ಕೆಸರು ತುಳಿದ ರಂಗಿಯ ಗೊರಸಿನ ಸಂದಿ ಕೆರೆದು ಬೇವಿನೆಣ್ಣೆ ಬಿಡುತ್ತಿದ್ದರು. ಬಿಸಿಲು ಗಟ್ಟಿಯಾದ ಕೂಡಲೇ ಹಿಂದಿನ ಗೋಡೆಯ ತುಂಬ ಬೆರಣಿ. ಬಯಲಿನ ಹುಲ್ಲು ಬಲಿಯುವ ಮುಂಚೆ ಕೊಯ್ದು, ಒಣಗಿಸಿ, ಅಟ್ಟಕ್ಕೆ ಏರಿಸುವ ಕೆಲಸ ಬೇರೆ. ಜಂಬೂಸವಾರಿಯ ದಿನ ಇಡೀ ಬೀದಿ ಬೀಗ ಹಾಕಿಕೊಂಡು ಆನೆ ನೋಡಲು ಹೋದರೆ ಇವರು ರಂಗಿಯ ಕಿವಿಯ ಹಿಂದಿನ ಉಣ್ಣೆಹುಳು ಹೆಕ್ಕುತ್ತ ಕುಳಿತಿದ್ದರು. ನಾನು ಕರೆದದ್ದಕ್ಕೆ, “ಆನೆಗೆ ಮಾವುತ ಅವ್ನೆ. ನಮ್ ರಂಗಿಗೆ ಯಾರವ್ರೆ?” ಅಂದರು. ನಾನೂ ಅಲ್ಲೇ ಕುಳಿತುಬಿಟ್ಟೆ.

ಆ ದಿನಗಳ ಇನ್ನೊಂದು ಕೆಲಸ ಹಗ್ಗ ಹೊಸೆಯುವುದು. ಮಳೆಯಲ್ಲಿ ಹಳೆಯ ಹಗ್ಗ ಕೊಳೆತಿರುತ್ತದೆ. ಬಲಿಪಾಡ್ಯಮಿಯ ದಿನ ಹಸುವಿಗೆ ಹೊಸ ಹಗ್ಗ ಆಗಬೇಕು. ಜಗಲಿಯ ಮೇಲೆ ಕಾಲು ಚಾಚಿ, ಕತ್ತಾಳೆ ನಾರನ್ನು ತೊಡೆಯ ಮೇಲೆ ಹೊಸೆದರೆ ಅವರ ಹಗ್ಗ ಒಂದೇ ಸಮನಾಗಿ ಇಳಿಯುತ್ತಿತ್ತು. ನಾನು ಹೊಸೆದದ್ದನ್ನು ಒಮ್ಮೆ ಕೈಯಲ್ಲಿ ಎಳೆದು ನೋಡಿದರು. ಅದು ಬಿಚ್ಚಿಕೊಂಡು ಮತ್ತೆ ನಾರಾಯಿತು. “ನಿನ್ ಅಗ್ಗ ನಿನ್ನಂಗೇ ಕಣಮ್ಮ. ಯಾರ್ ಎಳುದ್ರೂ ಬತ್ತದೆ” ಎಂದು ನಕ್ಕರು.

ಹಸು ಮಾರಿದರೂ ಹಗ್ಗ ಕೊಡಬಾರದೆಂಬುದು ಅವರ ಕಡೆಯ ಪದ್ಧತಿ. ಹಗ್ಗ ಹೋದರೆ ಅದರ ಹಿಂದೆಯೇ ಮನೆಯ ಭಾಗ್ಯವೂ ಹೋಗುತ್ತದೆಂಬ ನಂಬಿಕೆ. ರಂಗಿಯ ಮೊದಲ ಕರುವನ್ನು ಕೊಂಡವನು ಬರಿಗೈಯಲ್ಲಿ ಬಂದಿದ್ದ. ನಾಳೆಯೇ ತಂದುಕೊಡುತ್ತೇನೆ, ಒಂದು ತುಂಡಾದರೂ ಕೊಡಿ ಎಂದು ಬೇಡಿದ. “ಇಲ್ಲ ಕಣಪ್ಪ. ಮಳೆ ಎಂಗೆ ನಿಮ್ಮೂರ್ ಕಡೆ?” ಅಂದರು. ಪಾಪ, ಆತ ತನ್ನ ತಲೆಯ ವಸ್ತ್ರವನ್ನೇ ಬಿಚ್ಚಿ ಕರುವಿನ ಕತ್ತಿಗೆ ಕಟ್ಟಿಕೊಂಡು, ಮಳೆಯ ಸಮಾಚಾರ ಹೇಳುತ್ತಲೇ ಹೊರಟ.

ಇಂಥವರು ನನ್ನನ್ನು ನಂಬಿ ರಂಗಿಯನ್ನು ಬಿಟ್ಟುಹೋದದ್ದು ಒಂದೇ ಒಂದು ಸಲ. ಅದೂ ಬಲಿಪಾಡ್ಯಮಿಯ ದಿನ. ಹೆತ್ತು ಹತ್ತು ದಿನವಾಗಿದ್ದ ಮಗಳಿಗೆ ಜ್ವರವೆಂದು ಹಿಂದಿನ ಸಂಜೆ ಸುದ್ದಿ ಬಂದಿತ್ತು. ಬೆಳಗಿನ ರೈಲಿಗೆ ಹೋಗಿ ಮಧ್ಯಾಹ್ನದ ರೈಲಿಗೆ ಬರುವುದಾಗಿ ಹೇಳಿ ಹೊರಟರು. ನಮ್ಮ ಬೀದಿಯಲ್ಲಿ ಹಸುವಿದ್ದದ್ದು ಅವರೊಬ್ಬರ ಮನೆಯಲ್ಲೇ. ಗೋಪೂಜೆಗೆ ಎಲ್ಲರೂ ಅಲ್ಲಿಗೇ ಬರಬೇಕು. “ಒಬ್ಬೊಬ್ರು ಒಂದೊಂದು ಎಸಳು ಉಲ್ಲು ಕೊಡ್ಲಿ. ಬ್ಯಾರೆ ಏನ್ ತಂದ್ರೂ ಇಲ್ಲ ಅನ್ನು. ಅಂತೀಯಾ?” ಎಂದು ಎರಡು ಸಲ ಕೇಳಿದರು. ನಾನು ಎರಡು ಸಲವೂ ತಲೆಯಾಡಿಸಿದೆ.

ಮೊದಲು ಬಂದವರು ಕೊನೆಯ ಮನೆಯ ಅಜ್ಜಿ. ತಟ್ಟೆಯಲ್ಲಿ ಎರಡು ಹೋಳಿಗೆ. “ಬರೀ ಹುಲ್ಲು ಮಾತ್ರ ಅಂತ ಹೇಳಿದ್ದಾರೆ, ಹೋಳಿಗೆ ಜೀರ್ಣವಾಗೋಲ್ಲವಂತೆ” ಅಂದೆ. “ಚೂರು ಮಾಡಿ ಕೊಡ್ತೀನಿ ಬಿಡು ಮಗು, ವರ್ಷಕ್ಕೊಂದು ದಿನ” ಅಂದರು ಅಜ್ಜಿ. ನಾನು ಕಾರಣ ಕೊಟ್ಟೆ, ಅವರು ಉಪಾಯ ಕೊಟ್ಟರು. ಅಜ್ಜಿಗೆ ಆಗಬಹುದಾದರೆ ಸೀತಮ್ಮನಿಗೆ ಯಾಕೆ ಆಗಬಾರದು? ಅವರ ಹಿಂದೆ ನೆನೆಸಿದ ಅಕ್ಕಿ ಬೆಲ್ಲ, ಕಡುಬು, ಹುಗ್ಗಿ, ಚಿಪ್ಪುಗಟ್ಟಲೆ ಬಾಳೆಹಣ್ಣು ಸಾಲಾಗಿ ಬಂದವು. ರಂಗಿಯೂ ನನ್ನ ಹಾಗೆಯೇ. ಯಾರು ಏನು ಕೊಟ್ಟರೂ ಬೇಡವೆನ್ನಲಿಲ್ಲ. ಎಲ್ಲರೂ ನನ್ನನ್ನು ಹೊಗಳಿ, ಕುಂಕುಮವಿಟ್ಟು ಹೋದರು. ನಾನು ಬೀಗಿಹೋದೆ.

ಮಧ್ಯಾಹ್ನದ ಹೊತ್ತಿಗೆ ರಂಗಿ ಮೆಲುಕು ಹಾಕುವುದನ್ನು ನಿಲ್ಲಿಸಿತು. ಎಡಪಕ್ಕೆ ಉಬ್ಬಿ ಬೆನ್ನಿನ ಮಟ್ಟಕ್ಕೆ ಬಂತು. ತಟ್ಟಿದರೆ ತಮಟೆಯ ಸದ್ದು. ಮಲಗುವುದು, ಏಳುವುದು, ಹಿಂಗಾಲಿನಿಂದ ಹೊಟ್ಟೆಗೆ ಒದ್ದುಕೊಳ್ಳುವುದು. ಯಜಮಾನರು ದನದ ಡಾಕ್ಟರ ಮನೆಗೆ ಓಡಿದರು. ಡಾಕ್ಟರು ಹಬ್ಬಕ್ಕೆ ಊರಿಗೆ ಹೋಗಿದ್ದರು. ನಾನು ಕೊಟ್ಟಿಗೆಯ ಕಂಬ ಹಿಡಿದುಕೊಂಡು ಅಳುತ್ತ ನಿಂತೆ. ಹಸು ಸತ್ತರೆ ದೇವೀರಮ್ಮನವರಿಗೆ ಮುಖ ತೋರಿಸುವುದು ಹೇಗೆ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಮಗಳ ಜ್ವರ ಇಳಿದದ್ದು ನೋಡಿ, ತಡವಾದ ರೈಲಿನಲ್ಲಿ ಸಂಜೆಯ ಹೊತ್ತಿಗೆ ದೇವೀರಮ್ಮ ಬಂದರು. ಬಂದವರೇ ಚೀಲ ಕೆಳಗಿಟ್ಟು ರಂಗಿಯ ಪಕ್ಕೆ ಮುಟ್ಟಿ ನೋಡಿದರು. ನನ್ನ ಕಡೆ ತಿರುಗಿ, “ಏನ್ ತಿಂದ್ಳು?” ಅಂದರು.

“ಸ್ವಲ್ಪ ಹೋಳಿಗೆ...”

“ಸುಳ್ಳಾಡ್ಬ್ಯಾಡ. ಸುಳ್ಳಿಗೆ ಅಳತೆ ಸಿಗಾಕಿಲ್ಲ, ಔಸ್ತಿ ತಪ್ಪೋಯ್ತದೆ.”

ಒಂದೊಂದೇ ಹೇಳಿದೆ. ಅವರು ಒಂದು ಮಾತೂ ಬಯ್ಯಲಿಲ್ಲ. ಬೇವಿನ ಕಡ್ಡಿಯೊಂದನ್ನು ಮುರಿದು ರಂಗಿಯ ಬಾಯಿಗೆ ಅಡ್ಡಲಾಗಿ ಕೊಟ್ಟು, ಕೊಂಬಿಗೆ ಕಟ್ಟಿದರು. ಕಡ್ಡಿ ಅಗಿಯುತ್ತಿದ್ದರೆ ಬಾಯಿ ತೆರೆದಿರುತ್ತದೆ, ಗಾಳಿ ಹೊರಗೆ ಬರುತ್ತದೆ. ಮುಂಗಾಲೆರಡನ್ನೂ ಜಗಲಿಯ ಮೆಟ್ಟಿಲ ಮೇಲೆ ಹತ್ತಿಸಿ ನಿಲ್ಲಿಸಿದರು. ಎಳ್ಳೆಣ್ಣೆಗೆ ಓಮ, ಇಂಗು ಅರೆದು ಹಾಕಿ, ಬಿದಿರಿನ ಗೊಟ್ಟದಲ್ಲಿ ತುಂಬಿ ನಿಧಾನವಾಗಿ ಕುಡಿಸಿದರು. “ಉಜ್ಜು” ಅಂದರು. ನಾನು ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಎಡಪಕ್ಕೆಯನ್ನು ಮುಷ್ಟಿಯಿಂದ ಉಜ್ಜಿದೆ. ಅರ್ಧ ಗಂಟೆಯಾದರೂ ಉಬ್ಬರ ಇಳಿಯಲಿಲ್ಲ. “ನಡ್ಸಾಣ ನಡಿ” ಎಂದು ಹೊಸ ಹಗ್ಗವನ್ನು ನನ್ನ ಕೈಗೆ ಕೊಟ್ಟರು.

ಬೀದಿಯ ಈ ತುದಿಯಿಂದ ಆ ತುದಿಗೆ ನಡೆಸಿದೆವು. ನಾನು ಮುಂದೆ ಹಗ್ಗ ಹಿಡಿದು, ಅವರು ಪಕ್ಕದಲ್ಲಿ ಹೊಟ್ಟೆ ನೀವುತ್ತ. ಬಾಗಿಲುಗಳಲ್ಲಿ ದೀಪ ಹಚ್ಚುವ ಹೊತ್ತು. ಬೆಳಗ್ಗೆ ತಿನ್ನಿಸಿದವರೆಲ್ಲ ಹಣತೆ ಕೈಯಲ್ಲಿ ಹಿಡಿದು ಹಾಗೇ ನಿಂತರು. ಅಜ್ಜಿ ಅಳುತ್ತಿದ್ದರು. ದೇವೀರಮ್ಮ ರಂಗಿಗೆ ಮಾತ್ರ, “ನಡಿ ನನ್ನವ್ವ, ಇನ್ನೊಂದು ಸುತ್ತು. ಈ ಮಗೀನ ಮಕಕ್ಕಾದ್ರೂ ನಡಿ” ಅನ್ನುತ್ತಿದ್ದರು. ಆ ಮಗು ನಾನು. ಆ ಮಾತು ಕೇಳಿ ನನ್ನ ಕಣ್ಣು ಮಂಜಾಯಿತು.

ಮೂರನೆಯ ಸುತ್ತಿನಲ್ಲಿ, ಸರಿಯಾಗಿ ಅಜ್ಜಿಯ ಮನೆಯ ಮುಂದೆ, ರಂಗಿ ನಿಂತಿತು. ಕತ್ತು ಮುಂದೆ ಚಾಚಿತು. ಇಡೀ ಬೀದಿಗೆ ಕೇಳುವಂಥ ಒಂದು ತೇಗು ಬಂತು, ಅದರ ಹಿಂದೆ ಇನ್ನೊಂದು. ಹೋಳಿಗೆಯ ಏಲಕ್ಕಿ ವಾಸನೆ ನನ್ನ ಮುಖಕ್ಕೇ ಬಡಿಯಿತು. ದೇವೀರಮ್ಮ ಅಲ್ಲೇ ಅಜ್ಜಿಯ ಜಗಲಿಯ ಮೇಲೆ ಕುಸಿದು ಕುಳಿತು, ಸೆರಗಿನಿಂದ ಮುಖ ಒರೆಸಿಕೊಂಡರು. ಅಷ್ಟು ಹೊತ್ತೂ ಅವರಿಗೂ ಭಯವಾಗಿತ್ತೆಂದು ನನಗೆ ತಿಳಿದದ್ದು ಆಗಲೇ.

ಮಾರನೆಯ ವರ್ಷ ಅವರು ಊರಲ್ಲೇ ಇದ್ದರು. ಆದರೂ ಬಾಗಿಲಲ್ಲಿ ನಿಲ್ಲಿಸಿದ್ದು ನನ್ನನ್ನೇ. ಪಕ್ಕದಲ್ಲೊಂದು ಮಂಕರಿ. ತಂದದ್ದನ್ನು ಎಲ್ಲರೂ ರಂಗಿಗೆ ತೋರಿಸಿ ಮಂಕರಿಗೆ ಹಾಕಬೇಕು, ಹಸುವಿಗೆ ಒಂದೆಸಳು ಹುಲ್ಲು ಕೊಟ್ಟು ನಮಸ್ಕರಿಸಬೇಕು. “ಅವ್ಳು ನೋಡಿದ್ರೆ ತಿಂದಂಗೇ” ಎಂದು ದೇವೀರಮ್ಮ ಶಾಸ್ತ್ರ ಮಾಡಿದ್ದರು. ಅಂದು ನಾನು ಎಲ್ಲರನ್ನೂ ತಡೆದೆ. ಆದರೆ ಕಾರಣ ಕೊಡುವ ಚಟ ಬಿಟ್ಟಿರಲಿಲ್ಲ. “ಹಸುವಿಗಲ್ಲದಿದ್ದರೆ ನೀನಾದರೂ ತಿನ್ನು” ಎಂದು ಒಬ್ಬೊಬ್ಬರೂ ಬಲವಂತ ಮಾಡಿದ್ದರಿಂದ, ಸಂಜೆಯ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಮಲಗಿದವಳು ನಾನು. ದೇವೀರಮ್ಮ ಓಮದ ಕಷಾಯ ತಂದು ತಲೆದೆಸೆಯಲ್ಲಿ ಕುಳಿತರು. “ಅಂತೂ ಈ ವರ್ಸ ರಂಗಿ ಬದುಕ್ಕೊಂಡ್ಳು. ಮುಂದಿನ್ ವರ್ಸ ನೀನೂ ಬದುಕ್ಕೊ” ಅಂದರು.

ಆ ಮುಂದಿನ ವರ್ಷ ಬರುವುದರೊಳಗೆ ನನ್ನ ಯಜಮಾನರಿಗೆ ಚಿತ್ರದುರ್ಗಕ್ಕೆ ವರ್ಗವಾಯಿತು. ಸಾಮಾನು ಕಟ್ಟುತ್ತಿದ್ದ ಬೆಳಗ್ಗೆ ದೇವೀರಮ್ಮ ರಂಗಿಯ ಎರಡನೆಯ ಕರುವನ್ನು ಹಿಡಿದುಕೊಂಡು ಮುಂಬಾಗಿಲಿಗೆ ಬಂದರು. ಹಣೆಯಲ್ಲಿ ಬಿಳಿ ಚುಕ್ಕೆಯ ಹೆಣ್ಣುಕರು. ಮೈ ತೊಳೆದು ಅರಿಶಿನ ಹಚ್ಚಿದ್ದರು. “ತಗೊಂಡೋಗು ಕಣಮ್ಮ. ನಿನ್ ಕೈಲಿ ಬೆಳೀಲಿ” ಅಂದರು.

ಅವರು ಯಾರಿಗೂ ಏನನ್ನೂ ಹಾಗೆ ಕೊಟ್ಟವರಲ್ಲ. ಹೋಗುತ್ತಿದ್ದ ಊರಲ್ಲಿ ನಮಗೆ ಹಿತ್ತಿಲಿರಲಿಲ್ಲ, ಮಹಡಿಯ ಮೇಲಿನ ಎರಡು ಕೋಣೆ ಅಷ್ಟೆ. ಹೇಳಲು ಬೇಕಾದಷ್ಟು ಕಾರಣಗಳಿದ್ದವು. ಒಂದನ್ನೂ ಹೇಳಲಿಲ್ಲ.

“ಇಲ್ಲ ದೇವೀರಮ್ಮನೋರೆ” ಅಂದೆ. “ಅವರೆ ಈ ಸಲ ಆಗಲೇ ಹೂ ಬಿಟ್ಟಿದೆ, ಅಲ್ವಾ?”

“ಕಲ್ತ್ಬುಟ್ಟೆ ಕಣಮ್ಮ” ಅಂದರು. ನಗುತ್ತಲೇ ಅಂದರು, ಆದರೆ ಕಣ್ಣಲ್ಲಿ ನೀರಿತ್ತು. ಕರುವನ್ನು ಹಿಂದಕ್ಕೆ ಕರೆದೊಯ್ದು ಕಟ್ಟಿ ಬಂದರು. ಬರುವಾಗ ಕೈಯಲ್ಲಿ ಸುತ್ತಿದ ಹಗ್ಗವೊಂದಿತ್ತು. ರಂಗಿಯ ಹಗ್ಗ. ಆ ಸಂಜೆ ನಾನು ಹಿಡಿದು ನಡೆದದ್ದು. ಮಳೆಗೆ ಸಿಗದಂತೆ ಎತ್ತಿಟ್ಟಿದ್ದರು.

“ಬೇಡಿ, ಹಗ್ಗ ಮನೇಲೇ ಇರಬೇಕು ಅಂತೀರಲ್ಲ” ಅಂದೆ.

“ಊಂ. ನೀನೂ ಮನೆಯೋಳೇ ಅಲ್ವಾ?” ಎಂದು ನಮ್ಮ ಹಾಸಿಗೆಯ ಸುರುಳಿಗೆ ತಾವೇ ಅದನ್ನು ಬಿಗಿದು ಕಟ್ಟಿದರು.

ಅದೇ ಕೊನೆಯ ಭೇಟಿ. ಐದು ವರ್ಷಗಳ ಮೇಲೆ ದಸರಾ ರಜೆಯಲ್ಲಿ ಬಂದಾಗ ಬೀದಿ ತುಂಬ ಹೊಸ ಮನೆಗಳು, ಕೊಟ್ಟಿಗೆಯ ಜಾಗದಲ್ಲೂ ಒಂದು. ದೇವೀರಮ್ಮ ಹಿಂದಿನ ವರ್ಷದ ಆಷಾಢದಲ್ಲಿ ಎರಡೇ ದಿನ ಮಲಗಿ ಹೋದರಂತೆ. ರಂಗಿಯನ್ನೂ ಬೆಳೆದುನಿಂತಿದ್ದ ಆ ಕರುವನ್ನೂ ಮಗಳು ಬಂದು ಹೊಡೆದುಕೊಂಡು ಹೋದಳಂತೆ. ಸೀತಮ್ಮ ಇದನ್ನೆಲ್ಲ ಹೇಳಿ ನನಗೆ ಊಟ ಬಡಿಸಿದರು. ಸಾರು ಆಗಿನಷ್ಟೇ ಚೆನ್ನಾಗಿತ್ತು.

ಆಮೇಲೆ ನಮಗೆ ಇನ್ನೂ ನಾಲ್ಕು ಊರಿಗೆ ವರ್ಗವಾಯಿತು. ಪ್ರತಿ ಸಲವೂ ಹಾಸಿಗೆ ಕಟ್ಟಿದ್ದು ಅದೇ ಹಗ್ಗದಲ್ಲಿ. ಒಂದು ಎಳೆಯೂ ಬಿಚ್ಚಿಲ್ಲ. ಮೊನ್ನೆ ಪಕ್ಕದ ಮನೆಯಾಕೆ ಬಂದಿದ್ದರು. ಮಗನ ಮುಂಜಿಗೆ ಚಪ್ಪರ ಹಾಕಿಸುತ್ತಿದ್ದಾರೆ. ಮೊಳೆಗೆ ನೇತುಹಾಕಿದ್ದ ಹಗ್ಗದ ಮೇಲೆ ಅವರ ಕಣ್ಣು ಬಿತ್ತು. ಎರಡೇ ದಿನಕ್ಕೆ ಕೊಡುತ್ತೀರಾ ಎಂದು ಕೇಳಿದರು.

“ಇಲ್ಲ ಕಣ್ರೀ” ಅಂದೆ. “ನಿಮ್ಮನೆ ಸಾರು ಘಮ್ ಅಂತಿದೆ. ಏನು ಹಾಕಿದ್ರಿ ಇವತ್ತು?”