ಪಕ್ಕದವರಿಗೂ ಕುಂಕುಮ

ಸತ್ತವರು ಕಂಡರು, ಬಂದು ಮಾತಾಡಿದರು ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಕೈ ತೊಳೆಯಲು ಹೋಗುತ್ತಿದ್ದೆ. ನನ್ನ ಓದು ಏಳನೇ ಕ್ಲಾಸಿಗೆ ಮುಗಿಯಿತು. ಆಮೇಲೆ ಕುಲುಮೆ, ಚಿಮಟ, ತಕ್ಕಡಿ. ತಕ್ಕಡಿಯಲ್ಲಿ ಕೂರದ್ದನ್ನು ನಂಬುವ ಅಭ್ಯಾಸ ನನಗೆ ಬರಲೇ ಇಲ್ಲ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ಲಾಸ್ ಏಂಜಲೀಸಿನ ಪೋರ್ಟರ್ ರ್ಯಾಂಚ್ ಬಡಾವಣೆಯ ಒಂದು ಮನೆಯಲ್ಲಿ ನಡೆದದ್ದನ್ನು ನಡೆದ ಹಾಗೇ ಬರೆದಿಡಬೇಕು ಅನ್ನಿಸಿದೆ. ನಿಮಗೆ ಏನನ್ನಿಸುತ್ತದೋ ಅನ್ನಿಸಲಿ.

ಸ್ಯಾನ್ ಡಿಯಾಗೋದಲ್ಲಿ ನನ್ನದು ಸಣ್ಣ ಅಂಗಡಿ. ಅಕ್ಕಸಾಲಿ ಕೆಲಸ ಪೂರ್ತಿ ನನ್ನ ಕೈಯದೇ. ನಮ್ಮ ಕನ್ನಡದವರ ಮದುವೆ ಎಂದರೆ ಲಾಸ್ ಏಂಜಲೀಸಿನಿಂದಲೂ ಆರ್ಡರ್ ಬರುತ್ತಿತ್ತು. ಒಡವೆ ಸಿದ್ಧವಾದ ಮೇಲೆ ಮನೆಗೇ ಒಯ್ದು ಕೊಡುವುದು ನಮ್ಮ ಪದ್ಧತಿ. ಹೀಗೆ ಒಯ್ಯುವುದರಲ್ಲಿ ನನಗೂ ನನ್ನ ಹೆಂಡತಿ ಶಾರದೆಗೂ ಒಂದು ಉಪಾಯವಿತ್ತು. ಗಿರಾಕಿಯ ಸರ, ಬಳೆ ಎಲ್ಲವನ್ನೂ ಅವಳೇ ತೊಟ್ಟು ಮೇಲೆ ಸ್ವೆಟರ್ ಹಾಕಿಕೊಂಡು ಕಾರಿನಲ್ಲಿ ನನ್ನ ಬಲಕ್ಕೆ ಕೂರುತ್ತಿದ್ದಳು. ನಡುವೆ ಕಾಫಿಗೆ ಇಳಿದರೂ ಯಾರಿಗೆ ಗೊತ್ತಾಗಬೇಕು? ಊರಿನ ಯಜಮಾನಿ ಹೆಂಗಸು ಎಂದುಕೊಳ್ಳುತ್ತಿದ್ದರು ಅಷ್ಟೆ. "ಮೈಮೇಲೆ ಇರೋ ಅಷ್ಟು ಹೊತ್ತು ನಂದೇ" ಎಂದು ನಗುತ್ತಿದ್ದಳು.

ಅವಳು ತೀರಿಹೋದ ಮೇಲೆ ಒಡವೆ ಚೀಲ ನನ್ನ ಕೈಗೆ ಬಂತು. ಮೊದಲ ಸಲ ಒಬ್ಬನೇ ಹೊರಟಾಗ ಪೆಟ್ರೋಲ್ ಹಾಕಿಸಲು ಇಳಿಯುವುದಕ್ಕೂ ಧೈರ್ಯ ಬರಲಿಲ್ಲ. ಅದೇ ಸಮಯಕ್ಕೆ ಪರಿಚಯದ ಇನ್ನೊಬ್ಬ ಅಕ್ಕಸಾಲಿಯನ್ನು ಪಾರ್ಕಿಂಗ್ ಲಾಟಿನಲ್ಲಿ ಹೊಡೆದು ಚೀಲ ಕಿತ್ತುಕೊಂಡು ಹೋದರು. ಆಗ ಪಿಸ್ತೂಲಿಗೆ ಅಪ್ಲೈ ಮಾಡಿದೆ. ಆಗೆಲ್ಲ ಇಲ್ಲಿ ಬಟ್ಟೆಯೊಳಗೆ ಪಿಸ್ತೂಲು ಇಟ್ಟುಕೊಂಡು ಓಡಾಡುವ ಲೈಸೆನ್ಸ್ ಕೇಳಿದವರಿಗೆಲ್ಲ ಕೊಡುತ್ತಿರಲಿಲ್ಲ. ಚಿನ್ನ ಒಯ್ಯುವವನು ಎಂದು ನನಗೆ ಕೊಟ್ಟರು.

ಕೈಯಲ್ಲಿ ಹಿಡಿದು ಗುರಿ ಇಡುವುದು ಕಷ್ಟವಾಗಲಿಲ್ಲ. ಸೂಕ್ಷ್ಮ ಕೆಲಸ ಮಾಡಿದ ಕೈ ನಡುಗುವುದಿಲ್ಲ. ಕಷ್ಟವಾದದ್ದು ಅದನ್ನು ಇಟ್ಟುಕೊಂಡು ಬದುಕುವುದು. ಮಾಮೂಲಿ ಬೆಲ್ಟು ಜೋತುಬಿತ್ತು, ದಪ್ಪನೆಯದು ತಂದೆ. ಜೀವಮಾನವಿಡೀ ಶರ್ಟನ್ನು ಇನ್‌ಶರ್ಟ್ ಮಾಡಿಕೊಂಡು ನೆಟ್ಟಗೆ ನಡೆದವನು, ಹೊರಗೆ ಬಿಟ್ಟುಕೊಂಡು ಸೋಮಾರಿಯ ಹಾಗೆ ಕಾಣಬೇಕಾಯಿತು. ಕುರ್ಚಿಯ ಕೈಗೆ ಟಕ್ ಎಂದು ತಗುಲಿದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ನಿಜವಾಗಿ ಯಾರೂ ನೋಡುತ್ತಿರಲಿಲ್ಲ. ಕಲಿಸಿದವನು ರಿಟೈರ್ಡ್ ಪೊಲೀಸು, ತಮಾಷೆ ಮನುಷ್ಯ. ಯಾರಾದರೂ ತಬ್ಬಿಕೊಳ್ಳಲು ಬಂದರೆ ಮೊಣಕೈ ಕೆಳಗಿಟ್ಟುಕೋ, ಸೊಂಟಕ್ಕೆ ಅವರ ಕೈ ತಾಗಬಾರದು ಎಂದ. ತಬ್ಬಿಕೊಳ್ಳುವವರು ಯಾರಿದ್ದಾರೆ ಎಂದು ನಾನೂ ನಕ್ಕೆ. ನಕ್ಕಾದ ಮೇಲೆ ಮನೆವರೆಗೂ ಅದೇ ಮಾತು ತಲೆಯಲ್ಲಿತ್ತು.

ಮೆಲ್ಲಗೆ ರೂಢಿಯಾಯಿತು. ಬೆಳಿಗ್ಗೆ ಕನ್ನಡಕ, ಬೀಗದ ಕೈ, ಫೋನು, ಅದು. ಒಂದು ದಿನ ಫ್ರೀವೇಯಲ್ಲಿ ಉತ್ತರಕ್ಕೆ ಡ್ರೈವ್ ಮಾಡುವಾಗ, ಎಡಕ್ಕೆ ಸಮುದ್ರ ಕಾಣುವಲ್ಲಿ, ಅದು ಸೊಂಟದಲ್ಲಿರುವುದನ್ನೇ ಮರೆತಿದ್ದೆ ಎಂದು ಗೊತ್ತಾಯಿತು. ಇನ್ನೂ ಒಂದು ಗೊತ್ತಾಯಿತು. ಅಷ್ಟು ದಿನದಲ್ಲಿ ಮೊದಲ ಸಲ ಪಕ್ಕದ ಸೀಟು ಖಾಲಿ ಅನ್ನಿಸಿರಲಿಲ್ಲ.

ಮಗಳಿಗೆ ಮಾತ್ರ ಇದು ಸರಿಬರಲಿಲ್ಲ. ಸೊರೆಂಟೊ ವ್ಯಾಲಿಯಲ್ಲಿ ಅವಳ ಕೆಲಸ, ನನ್ನ ಮನೆಗೆ ಹತ್ತಿರವೇ. ಮೊಮ್ಮಗಳು ಅಂಬೆಗಾಲಿಡುತ್ತಿದ್ದಳು. ಒಂದು ಭಾನುವಾರ ಬಾಗಿಲಲ್ಲೇ ನಿಂತು, "ಅಪ್ಪಾ, ಗನ್ ಇರೋ ಮನೆಗೆ ಮಗೂನ ಕರ್ಕೊಂಡು ಬರಲ್ಲ. ನೀವೇ ಯೋಚನೆ ಮಾಡಿ" ಎಂದಳು. ನನಗೆ ಸಿಟ್ಟು ಬಂತು. ದುಡಿದು ತಿನ್ನುವವನಿಗೆ ಬುದ್ಧಿ ಹೇಳುತ್ತಾಳಲ್ಲ ಎಂದು ಎರಡು ತಿಂಗಳು ಫೋನೂ ಮಾಡಲಿಲ್ಲ. ಕೊನೆಗೆ ಸೋತೆ. ಒಪ್ಪಿಕೊಂಡಿರುವ ಒಂದು ಮದುವೆ ಕೆಲಸ ಮುಗಿಯಲಿ, ದೂರದ ಆರ್ಡರೂ ಬೇಡ, ಲೈಸೆನ್ಸ್ ಮುಗಿಯುತ್ತಲೂ ಬಂತು, ಮತ್ತೆ ಮಾಡಿಸುವುದಿಲ್ಲ ಎಂದು ಮಾತು ಕೊಟ್ಟೆ.

ಆ ಮದುವೆ ಮನೆಯೇ ಪೋರ್ಟರ್ ರ್ಯಾಂಚಿನದು. ಶುಕ್ರವಾರ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಎಂದಿನಂತೆ ಸೊಂಟದಲ್ಲಿ ಪಿಸ್ತೂಲಿಟ್ಟುಕೊಂಡು, ಮಾಂಗಲ್ಯ ತೆಗೆದುಕೊಂಡು ಹೋದೆ. ಮನೆಯೊಡತಿ ಅಕ್ಕಿ, ವೀಳ್ಯದೆಲೆ ಹಾಕಿದ ತಟ್ಟೆಯಲ್ಲಿ ಅದನ್ನು ಇಳಿಸಿಕೊಂಡು ದೇವರ ಮುಂದಿಟ್ಟರು. ಊರಿನಿಂದ ಬಂದಿದ್ದ ಅವರ ಅತ್ತೆ ಸೋಫಾದಲ್ಲಿ ಕೂತಿದ್ದರು. ನನ್ನನ್ನು ಆವತ್ತೇ ಮೊದಲು ನೋಡಿದ್ದು. ಕಣ್ಣಿಗೆ ಪೊರೆ ಬಂದು ಎಲ್ಲ ಮಸುಕು ಎಂದು ಸೊಸೆ ಹೇಳಿದರು. ನಾನು ಕಾಫಿ ಕುಡಿದು ಎದ್ದಾಗ ಆ ಅಜ್ಜಿ ತಾವೂ ಎದ್ದು, ಕುಂಕುಮದ ಬಟ್ಟಲು ಹಿಡಿದು ಬಂದು, ನನ್ನ ಬಲಕ್ಕೆ ಚಾಚಿ ನಿಂತರು.

ನಮ್ಮಲ್ಲಿ ಗಂಡಸರಿಗೆ ಹಾಗೆ ಬಟ್ಟಲು ಹಿಡಿಯುವುದಿಲ್ಲ. ಮನೆಗೆ ಬಂದ ಮುತ್ತೈದೆ ಹೊರಡುವಾಗ ಹಿಡಿಯುವುದು. ನಾನು ಪೆಚ್ಚಾಗಿ ನಿಂತೆ. ಬಟ್ಟಲು ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಅಜ್ಜಿ ಸಮಾಧಾನವಾಗಿ ತಲೆಯಾಡಿಸಿ ಹಿಂದಕ್ಕೆ ತೆಗೆದುಕೊಂಡರು.

"ಅತ್ತೆಗೆ ಕಣ್ಣು ಕಾಣಲ್ಲ ಅಂಕಲ್, ತಪ್ಪು ತಿಳ್ಕೋಬೇಡಿ" ಎಂದರು ಸೊಸೆ. ಅದರಲ್ಲೇನು ತಪ್ಪು ಎಂದು ಹೊರಟೆ. ನಿಜ ಹೇಳಬೇಕೆಂದರೆ ನನಗೂ ಅದು ಪೊರೆಯ ಕೆಲಸವೆಂದೇ ಅನ್ನಿಸಿತು. ಕಾರು ಹತ್ತುವುದರೊಳಗೆ ಮರೆತೆ.

ಮುಂದಿನ ವಾರ ಹುಡುಗಿಯ ಕಾಲುಂಗುರ ಕೊಡಲು ಮತ್ತೆ ಹೋದೆ. ಬೆಳ್ಳಿ ತಾನೆ, ಅದಕ್ಕೆ ಯಾರು ಬೀಳುತ್ತಾರೆ ಎಂದು ಪಿಸ್ತೂಲನ್ನು ಮನೆಯ ಬೀರುವಿನಲ್ಲೇ ಬಿಟ್ಟಿದ್ದೆ. ಬಿಡುವುದು ಅಭ್ಯಾಸವಾಗಲಿ ಎಂಬ ಯೋಚನೆಯೂ ಇತ್ತು. ದಾರಿಯುದ್ದಕ್ಕೂ ಸೊಂಟ ಹಗುರ ಹಗುರ. ಪಕ್ಕದ ಸೀಟನ್ನು ಎಷ್ಟು ಸಲ ನೋಡಿದೆನೋ.

ಬಾಗಿಲು ತೆಗೆದದ್ದು ಅಜ್ಜಿಯೇ. ಇನ್ನೂ ನಾನು ಬಾಯಿ ಬಿಟ್ಟಿರಲಿಲ್ಲ. ನನ್ನ ಮುಖದ ಕಡೆಗಲ್ಲ, ನನ್ನ ಬಲಕ್ಕೆ ಒಂದು ಗಳಿಗೆ ನೋಡಿದರು.

"ಇವತ್ತು ಒಬ್ಬರೇ ಬಂದ್ರಾ?" ಎಂದರು. "ನಿಮ್ಮವರು ಮೊನ್ನೆ ಪಾಪ, ನಿಂತೇ ಇದ್ರು. ಕೂತ್ಕೊಳ್ಳಮ್ಮ ಅಂತ ಒಬ್ರೂ ಹೇಳ್ಲಿಲ್ಲ ಈ ಮನೇಲಿ."

ನಾನು ಏನು ಹೇಳಿದೆನೋ ನೆನಪಿಲ್ಲ. ಒಬ್ಬನೇ ಅಮ್ಮ ಎಂದಿರಬೇಕು. ಅಜ್ಜಿ ಒಳಗೆ ಕರೆದು ಕೂರಿಸಿದರು. ಹೊರಡುವಾಗ ಎಲೆ ಅಡಿಕೆ, ಬಾಳೆಹಣ್ಣು ಕೊಟ್ಟರು. ಕುಂಕುಮದ ಬಟ್ಟಲಿಗೆ ಕೈ ಹಾಕಲಿಲ್ಲ.

ಸೊಸೆಯನ್ನು ಬಾಗಿಲ ಹೊರಗೆ ಕರೆದು, ನನ್ನ ಮನೆಯವರು ತೀರಿಕೊಂಡ ಸಂಗತಿ ಅಜ್ಜಿಗೆ ಯಾರಾದರೂ ಹೇಳಿದ್ದರೇ ಎಂದು ಕೇಳಿದೆ. ನನಗೇ ಗೊತ್ತಿರಲಿಲ್ಲ ಅಂಕಲ್, ಸಾರಿ ಎಂದರು ಅವರು. ಪಿಸ್ತೂಲಿನ ಸುದ್ದಿ ಅವರಿಗೆ ಗೊತ್ತಿರುವುದು ಸಾಧ್ಯವೇ ಇಲ್ಲ. ಮದುವೆ ಮುಗಿಸಿಕೊಂಡು ಅಜ್ಜಿ ಊರಿಗೆ ಹೋದರು. ಮತ್ತೆ ಕೇಳುವ ಅವಕಾಶ ಸಿಗಲಿಲ್ಲ. ಸಿಕ್ಕಿದ್ದರೂ ಏನೆಂದು ಕೇಳಬೇಕಿತ್ತು?

ಈ ಬಗ್ಗೆ ನನ್ನಷ್ಟಕ್ಕೆ ಬಹಳ ಜಗಳವಾಡಿದ್ದೇನೆ. ಮುದುಕಿಯ ಕಣ್ಣು, ಸಂಜೆಯ ಮಬ್ಬು, ಒಂದು ನೆರಳು ಎಂದುಕೊಳ್ಳಬಹುದು. ಹಾಗಾದರೆ ಎರಡನೆಯ ಸಲ ನೆರಳು ಎಲ್ಲಿ ಹೋಗಿತ್ತು? ಶಾರದೆಯೇ ಎಂದು ಹೇಳೋಣವೆಂದರೆ, ಇರುವೆಗೂ ಕಾಲು ತಾಗದಂತೆ ನಡೆಯುತ್ತಿದ್ದವಳು ಪಿಸ್ತೂಲಿನ ಜೊತೆಗೆ ಯಾಕೆ ಬರಬೇಕು, ಅದಿಲ್ಲದಾಗ ಯಾಕೆ ಬರಬಾರದು? ಅವಳಲ್ಲದಿದ್ದರೆ ನನ್ನ ಪಕ್ಕ ನಿಂತಿದ್ದವರು ಯಾರು? ಆಮೇಲೆ ಎಷ್ಟೋ ಮನೆಗೆ ಅದನ್ನು ಸೊಂಟದಲ್ಲಿಟ್ಟುಕೊಂಡೇ ಹೋಗಿದ್ದೇನೆ. ಯಾರೂ ನನ್ನ ಬಲಕ್ಕೆ ಏನನ್ನೂ ಚಾಚಿಲ್ಲ.

ಲೈಸೆನ್ಸ್ ಮುಗಿಯುವ ಹೊತ್ತಿಗೆ ಮಗಳು ನೆನಪು ಮಾಡಿದಳು. ಮೊಮ್ಮಗಳು ನಡೆಯಲು ಕಲಿತಿದ್ದಾಳೆ, ಬರುವ ಭಾನುವಾರ ಕರೆದುಕೊಂಡು ಬರಲೇ ಎಂದಳು. ನಾನು ಲೈಸೆನ್ಸ್ ಮತ್ತೆ ಮಾಡಿಸಿಕೊಂಡು ಬಂದಾಗಿತ್ತು. ಅದನ್ನು ಹೇಳಿದಾಗ ಅವಳು ಯಾಕಪ್ಪಾ ಎಂದು ಕೇಳಿದಳು.

ಕಳ್ಳರ ಭಯ ಎಂದೆ.